ಟಫನ್ಡ್ ಗಾಜು ಹೇಗೆ ಒಡೆಯುತ್ತೆ ಅಂತ ಮಾಡೆಲ್‌ಗೆ ಕಲಿಸೋದು: 0.96 ಬಂದದ್ದು ಹೊಸ ಬ್ಯಾಚ್‌ನಲ್ಲಿ ನೆಲಕಚ್ಚಿತು

ಚೂರೆಣಿಕೆ:

ನೇರ ವಿಷಯಕ್ಕೆ ಬರ್ತೀನಿ. 6 ಮಿ.ಮೀ. ಟಫನ್ಡ್ ಗಾಜಿನ (ಬಿಸಿ ಮಾಡಿ ಥಟ್ಟನೆ ತಣಿಸಿ ಗಟ್ಟಿ ಮಾಡಿದ್ದು) ಎರಡು ಥರದ ಟೆಸ್ಟ್ ಡೇಟಾ ಇದೆ.

ಮೊದಲನೆಯದು ಟಫನ್ಡ್ ಗಾಜಿನ ಯುರೋಪಿಯನ್ ಮಾನದಂಡ ಇಎನ್ 12150-1 ಪ್ರಕಾರ ಮಾಡಿದ್ದು. 360 × 1100 ಮಿ.ಮೀ. ಫಲಕ, ಉದ್ದನೆಯ ಅಂಚಿನ ನಟ್ಟನಡುವೆ, ಅಂಚಿನಿಂದ 13 ಮಿ.ಮೀ. ಒಳಗೆ ಮೊನೆಯುಳಿಯಿಂದ ಕುಟ್ಟಿ ಒಡೆದದ್ದು. ಒಟ್ಟು 160 ಫಲಕ, ನಾಲ್ಕು ಬ್ಯಾಚ್, ಎಲ್ಲದರ ಫೋಟೊ ಇದೆ. ಎರಡನೆಯದು 227 ಗ್ರಾಂ ಉಕ್ಕಿನ ಗುಂಡು ಬೀಳಿಸಿದ್ದು: ಎತ್ತರ, ಒಡೆಯಿತು ಅಥವಾ ಒಡೆಯಲಿಲ್ಲ, ಅಷ್ಟೇ.

ಫೋಟೊಗಳನ್ನು 50 × 50 ಮಿ.ಮೀ. ಚೌಕಗಳಾಗಿ ಕತ್ತರಿಸಿ ಒಂದೊಂದರಲ್ಲೂ ಚೂರು ಎಣಿಸಿದ್ದೇವೆ. ಮಾಡೆಲ್‌ಗೆ ಕೊಡುವುದು ಕುಲುಮೆಯ ಸೆಟ್ ತಾಪಮಾನ, ಒಳಗಿದ್ದ ಸಮಯ, ಕ್ವೆಂಚ್ (ಥಟ್ಟನೆ ತಣಿಸುವ) ಗಾಳಿಯ ಒತ್ತಡ, ದಪ್ಪ, ಚೌಕದ ಸ್ಥಾನ. ಹೊರಬರಬೇಕಾದ್ದು ಚೂರಿನ ಸಂಖ್ಯೆ. ಚೌಕಗಳನ್ನು 80-20 ಹಂಚಿ (80 ಕಲಿಸೋಕೆ, 20 ಪರೀಕ್ಷೆಗೆ) ಟ್ರೇನ್ ಮಾಡಿದರೆ ಆರ್-ಸ್ಕ್ವೇರ್ (ಊಹೆ ಎಷ್ಟು ತಾಳೆಯಾಗುತ್ತೆ ಅನ್ನೋ ಅಂಕ, 1 ಅಂದರೆ ಪೂರ್ತಿ) 0.96. ಐದನೇ ಬ್ಯಾಚ್ ಬಂದಾಗ ಅದೇ ಮಾಡೆಲ್ 0.3ಕ್ಕೆ ಕುಸಿಯಿತು. ಇನ್ನೂ ದೊಡ್ಡ ನೆಟ್‌ವರ್ಕ್ ಹಾಕಬೇಕಾ? ಇದೇ ಮಾಡೆಲ್‌ನಿಂದ ಎಷ್ಟು ಎತ್ತರದಿಂದ ಬಿದ್ದರೆ ಒಡೆಯುತ್ತದೆ ಅನ್ನೋದನ್ನೂ ಹೇಳಿಸಬಹುದಾ?

ಸಾಲುಅಂಕಿ:

ಆ 0.96 ನಿಮ್ಮ ಮಾಡೆಲ್‌ನ ಅಂಕ ಅಲ್ಲ, ಸೋರಿಕೆಯ ಅಂಕ.

ಲೆಕ್ಕ ನೋಡಿ. ಅಂಚಿನ 25 ಮಿ.ಮೀ. ಪಟ್ಟಿ ಬಿಟ್ಟರೆ ಉಳಿಯೋದು 310 × 1050. ಅದರಲ್ಲಿ 6 × 21 ಅಂದರೆ 126 ಚೌಕ. ಪೆಟ್ಟು ಬಿದ್ದ ಜಾಗದ ಸುತ್ತ 100 ಮಿ.ಮೀ. ತ್ರಿಜ್ಯದೊಳಗಿನವನ್ನು ಕಳೆದರೂ ಫಲಕಕ್ಕೆ ನೂರಕ್ಕೂ ಹೆಚ್ಚು. 160 ಫಲಕಕ್ಕೆ ಹದಿನಾರು ಸಾವಿರ ಸಾಲು ಆಯ್ತು, ನೋಡೋಕೆ ಭರ್ಜರಿ. ಆದರೆ ಒಂದೇ ಫಲಕದ ಅಕ್ಕಪಕ್ಕದ ಚೌಕಗಳು ಅವಳಿ ಮಕ್ಕಳಿದ್ದ ಹಾಗೆ. ಒಂದು ಟ್ರೇನ್‌ಗೆ, ಇನ್ನೊಂದು ಟೆಸ್ಟ್‌ಗೆ ಹೋದರೆ ಮಾಡೆಲ್ ಉತ್ತರ ಕಲಿಯಲ್ಲ, ಫಲಕದ ಗುರುತು ಹಿಡಿಯುತ್ತೆ. ಅದರ ಮೇಲೆ ಸೆಟ್ ತಾಪಮಾನ ಮತ್ತು ಗಾಳಿಯ ಒತ್ತಡ ಇಡೀ ಬ್ಯಾಚ್‌ಗೆ ಒಂದೇ ತಾನೇ? ಹಾಗಾದರೆ ಆ ಎರಡು ಕಾಲಂ ಬ್ಯಾಚ್‌ನ ಹೆಸರನ್ನೇ ಬೇರೆ ವೇಷದಲ್ಲಿ ಹೇಳ್ತಿವೆ. ನಿಮ್ಮ ಹತ್ತಿರ ನಿಜವಾಗಿ ಸ್ವತಂತ್ರವಾಗಿರೋದು ಹದಿನಾರು ಸಾವಿರ ಉದಾಹರಣೆ ಅಲ್ಲ, ನಾಲ್ಕು.

ಮೂರು ಬ್ಯಾಚ್ ಮೇಲೆ ಟ್ರೇನ್ ಮಾಡಿ ನಾಲ್ಕನೆಯದರ ಮೇಲೆ ಪರೀಕ್ಷಿಸಿ, ಸರದಿಯಂತೆ ನಾಲ್ಕು ಸಲ. ಬರೋ ಅಂಕ ಸಣ್ಣದಿರುತ್ತೆ, ನಿಜವಾಗಿರುತ್ತೆ. ನೆಟ್‌ವರ್ಕ್ ದೊಡ್ಡದು ಮಾಡೋದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕುಲುಮೆ_ಪಾಳಿ:

ಸಾಲುಅಂಕಿ ಹೇಳಿದ್ದು ಸರಿ. ಆದರೆ ಹಂಚಿಕೆ ಸರಿಮಾಡಿದ ಮಾತ್ರಕ್ಕೆ ಮಾಡೆಲ್ ಸರಿಹೋಗಲ್ಲ. ನೀವು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಚೀಲಕ್ಕೆ ತುಂಬಿದ್ದೀರಿ.

ಯಾವಾಗ ಒಡೆಯುತ್ತದೆ ಎಂಬುದನ್ನು ತೀರ್ಮಾನಿಸುವುದು ಮೇಲ್ಮೈಯಲ್ಲಿರುವ ಕಣ್ಣಿಗೆ ಕಾಣದ ಗೀರು. ಒಡೆದರೆ ಎಷ್ಟು ಚೂರಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಕ್ವೆಂಚ್‌ನಲ್ಲಿ ಗಾಜಿನೊಳಗೆ ಕೂಡಿಟ್ಟ ಸ್ಟ್ರೆಸ್ (ಒಳಬಿಗಿತ). ಮೊದಲನೆಯದು ಲಾಟರಿಗೆ ಹತ್ತಿರ, ಎರಡನೆಯದು ಉಳಿತಾಯ ಖಾತೆಗೆ ಹತ್ತಿರ. ಟಫನ್ಡ್ ಗಾಜಿನಲ್ಲಿ ಉಳಿ ಮೆಲ್ಲಗೆ ತಾಗಿತೋ ಜೋರಾಗಿ ತಾಗಿತೋ, ದೂರದ ಚೂರುಗಳಿಗೆ ಅದರ ಪರಿವೆ ಇಲ್ಲ. ಪೆಟ್ಟಿನ ಪ್ರಭಾವ ಇರೋದು ಸುತ್ತಲಿನ ಸ್ವಲ್ಪ ಜಾಗದಲ್ಲಿ, ಅದಕ್ಕೇ ಮಾನದಂಡ ಆ 100 ಮಿ.ಮೀ. ಬಿಡಿಸುತ್ತೆ. ಸಾದಾ ಫ್ಲೋಟ್ ಗಾಜಿನಲ್ಲಿ (ಟಫನ್ ಮಾಡದ್ದು) ಮಾತ್ರ ಪೆಟ್ಟಿನ ಶಕ್ತಿಯೇ ಬಿರುಕುಗಳನ್ನು ಓಡಿಸಬೇಕು.

ಸ್ಟ್ರೆಸ್ ದಪ್ಪದುದ್ದಕ್ಕೂ ಪ್ಯಾರಾಬೊಲದಂತೆ ಹರಡಿರುತ್ತೆ. ಎರಡೂ ಮೇಲ್ಮೈಯಲ್ಲಿ ಕಂಪ್ರೆಷನ್ (ಒತ್ತು), ನಡುವೆ ಎಳೆತ, ನಡುವಿನ ಎಳೆತ ಮೇಲ್ಮೈಯ ಕಂಪ್ರೆಷನ್‌ನ ಅರ್ಧ. ಒಂದು ಘನ ಮೀಟರ್‌ನಲ್ಲಿ ಕೂಡಿಟ್ಟ ಶಕ್ತಿ ಬೇಕಾದರೆ ಮೇಲ್ಮೈ ಸ್ಟ್ರೆಸ್‌ನ ವರ್ಗವನ್ನು 0.77ರಿಂದ (1ರಲ್ಲಿ ಪ್ವಾಸಾನ್ ಅನುಪಾತ 0.23 ಕಳೆದದ್ದು) ಗುಣಿಸಿ, ಯಂಗ್ ಮಾಡ್ಯುಲಸ್‌ನ (ಗಾಜು ಎಷ್ಟು ಬಿಗಿ ಅನ್ನೋ ಅಳತೆ) ಐದು ಪಟ್ಟಿನಿಂದ ಭಾಗಿಸಿ. ಮೇಲ್ಮೈ 100 ಮೆಗಾಪಾಸ್ಕಲ್, ಮಾಡ್ಯುಲಸ್ 70 ಗಿಗಾಪಾಸ್ಕಲ್ ಅಂದರೆ ಘನ ಮೀಟರಿಗೆ 22,000 ಜೌಲ್. 6 ಮಿ.ಮೀ. ಫಲಕದ ಒಂದು ಚದರ ಮೀಟರಿಗೆ 132 ಜೌಲ್.

ಈಗ ಮಜಾ. ಬಿರುಕಿನ ಒಂದು ಚದರ ಮೀಟರಿಗೆ ಸುಮಾರು 8 ಜೌಲ್ ಬೇಕು (ಬಿರುಕಿಗೆ ಗಾಜು ಒಡ್ಡುವ ಪ್ರತಿರೋಧ, ಅಂದರೆ ಫ್ರ್ಯಾಕ್ಚರ್ ಟಫ್‌ನೆಸ್, 0.75 ಹಾಕಿದರೆ ಬರೋದು). ಕೂಡಿಟ್ಟದ್ದೆಲ್ಲ ಬಿರುಕಿಗೇ ಹೋದರೆ ಚೂರುಗಳು 0.7 ಮಿ.ಮೀ. ಇರಬೇಕಿತ್ತು. ನಿಜದಲ್ಲಿ ಬರೋದು 7-8 ಮಿ.ಮೀ. ಅಂದರೆ ಬಿರುಕಿಗೆ ಹೋಗೋದು ಹತ್ತರಲ್ಲಿ ಒಂದು ಪಾಲು. ಉಳಿದದ್ದು ಅಲೆಗಳಾಗಿ, ಶಬ್ದವಾಗಿ, ಒರಟು ಬಿರುಕುಮೈಯಾಗಿ, ಚೂರುಗಳಲ್ಲೇ ಉಳಿದ ಸ್ಟ್ರೆಸ್ ಆಗಿ ಹೋಗುತ್ತೆ. ಆ ಹತ್ತನೇ ಒಂದು ಅನ್ನೋ ಪಾಲನ್ನು ಡೇಟಾದಿಂದ ಕಲಿಯಬೇಕು. ಮಾಡೆಲ್‌ನ ಕೆಲಸ ಅಲ್ಲಿದೆ.

ಬಿರುಕುಬೇರು:

ಮೇಲಿನದಕ್ಕೆ ಒಂದು ಮುಖ್ಯವಾದ ಬಾಲ. ಬಿರುಕಿನ ಒಟ್ಟು ಉದ್ದ ಶಕ್ತಿಗೆ ಅನುಪಾತದಲ್ಲಿದ್ದರೆ, ಚೂರಿನ ಸಂಖ್ಯೆ ಶಕ್ತಿಯ ವರ್ಗಕ್ಕೆ, ಅಂದರೆ ಸ್ಟ್ರೆಸ್‌ನ ನಾಲ್ಕನೇ ಘಾತಕ್ಕೆ ಅನುಪಾತ. 1968ರಲ್ಲೇ ಬಾರ್ಸಮ್ ಚೂರಿನ ತೂಕ ಮತ್ತು ನಡುವಿನ ಎಳೆತದ ನಡುವೆ ಇದೇ ನಾಲ್ಕನೇ ಘಾತದ ಸಂಬಂಧ ತೋರಿಸಿದ್ದರು.

ಇದರ ಪರಿಣಾಮ ಏನು ಗೊತ್ತಾ? ಸ್ಟ್ರೆಸ್ ಅಳೆಯುವಾಗ 5 ಶೇಕಡಾ ಹೆಚ್ಚು ತೋರಿಸಿದರೆ ಸಂಖ್ಯೆಯಲ್ಲಿ ಸುಮಾರು 22 ಶೇಕಡಾ ತಪ್ಪು. ನಿಮ್ಮ ಅಳತೆ ಯಂತ್ರದ ತಪ್ಪು ಅಷ್ಟಿದ್ದರೆ ಯಾವ ನೆಟ್‌ವರ್ಕ್ ಬಂದರೂ ಅದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ. ಹೇಳ್ತಿದೆ ಅಂದರೆ ಮತ್ತೆ ಎಲ್ಲೋ ಸೋರ್ತಿದೆ.

ಹಾಗಾಗಿ ಮೊದಲ ಮಾಡೆಲ್ ಇದಾಗಿರಲಿ: ಚೂರಿನ ಸಂಖ್ಯೆಯ ಲಾಗ್ ಒಂದು ಕಡೆ, ಮೇಲ್ಮೈ ಸ್ಟ್ರೆಸ್‌ನ ಲಾಗ್ ಇನ್ನೊಂದು ಕಡೆ, ಮಧ್ಯೆ ಒಂದು ಸರಳ ಗೆರೆ. ಇಳಿಜಾರು 4ರ ಆಸುಪಾಸು ಬಂತಾ, ಡೇಟಾ ಆರೋಗ್ಯವಾಗಿದೆ. 1.5 ಬಂತಾ, ಮಾಡೆಲ್ ಬಿಟ್ಟು ಎಣಿಕೆ ಅಥವಾ ಸ್ಟ್ರೆಸ್ ಅಳತೆ ಎಲ್ಲಿ ಕೆಟ್ಟಿದೆ ನೋಡಿ. ಅಳತೆಯಲ್ಲಿ ಗದ್ದಲ ಜಾಸ್ತಿ ಇದ್ದರೂ, ಸ್ಟ್ರೆಸ್‌ನ ವ್ಯಾಪ್ತಿ ಕಿರಿದಾಗಿದ್ದರೂ ಇಳಿಜಾರು ಹೀಗೆ ಚಪ್ಪಟೆಯಾಗುತ್ತೆ.

ಚೂರೆಣಿಕೆ:

ಬ್ಯಾಚ್ ಬಿಟ್ಟು ಬ್ಯಾಚ್ ಪರೀಕ್ಷೆ ಮಾಡಿದೆ, 0.41. ಮರ್ಯಾದೆ ಹೋದರೂ ಕಾರಣ ಗೊತ್ತಾಯ್ತು. ಸ್ಟ್ರೆಸ್ ಅಳತೆ ನಮ್ಮ ಕಾಲಂಗಳಲ್ಲೇ ಇಲ್ಲ, ಕುಲುಮೆಯ ಸೆಟ್ಟಿಂಗ್ ಮಾತ್ರ ಇದೆ. ಎಲ್ಲಿ, ಎಷ್ಟು ಕಡೆ ಅಳೆಯಬೇಕು?

ಕುಲುಮೆ_ಪಾಳಿ:

ಸೆಟ್ಟಿಂಗ್ ಅಂದರೆ ಅಪ್ಪಣೆ, ಸ್ಟ್ರೆಸ್ ಅಂದರೆ ನಡೆದದ್ದು. ಎರಡರ ನಡುವೆ ಬಹಳ ಅಂತರ. ಕುಲುಮೆಗೆ ಎಷ್ಟು ಗಾಜು ತುಂಬಿದ್ದರು, ಎಷ್ಟು ಹೊತ್ತಿನಿಂದ ಓಡ್ತಿತ್ತು, ಯಾವ ನಳಿಗೆ ಕಟ್ಟಿಕೊಂಡಿತ್ತು, ಇದ್ಯಾವುದೂ ಪ್ಯಾನೆಲ್‌ನಲ್ಲಿ ಕಾಣಲ್ಲ. ಗಾಜು 620-650 ಡಿಗ್ರಿಗೆ ಬಂದು ಹೊರಬಿದ್ದ ಮೇಲೆ ಕೆಲವೇ ಸೆಕೆಂಡಿನಲ್ಲಿ ಎಲ್ಲ ನಿರ್ಧಾರವಾಗಿಬಿಡುತ್ತೆ.

ಅಳೆಯೋಕೆ ಸ್ಕಾಲ್ಪ್ ಬಳಸಿ. ಚದುರಿದ ಬೆಳಕಿನ ಪೋಲಾರಿಸ್ಕೋಪ್ ಅದು, ದಪ್ಪದುದ್ದಕ್ಕೂ ಪ್ರೊಫೈಲ್ ಕೊಡುತ್ತೆ. ಮೇಲ್ಮೈ ಒಂದನ್ನೇ ಅಳೆಯೋ ಯಂತ್ರ ಇದ್ದರೆ ಅದೂ ನಡೆಯುತ್ತೆ, ಆದರೆ ಪ್ಯಾರಾಬೊಲ ಸೊಟ್ಟಗಿದ್ದರೆ (ಮೇಲಿನ ಗಾಳಿ ಜಾಸ್ತಿ, ಕೆಳಗಿನದು ಕಡಿಮೆ) ಗೊತ್ತಾಗಲ್ಲ. ಕನಿಷ್ಠ 3 × 3 ಅಂದರೆ ಒಂಬತ್ತು ಜಾಗ, ಒಂದೊಂದು ಜಾಗದಲ್ಲೂ ಒಂದಕ್ಕೊಂದು ಲಂಬವಾದ ಎರಡು ದಿಕ್ಕು, ಒಂದೊಂದು ದಿಕ್ಕಿನಲ್ಲೂ ಮೂರು ಸಲ. ಮೂರರ ಸರಾಸರಿ ಜೊತೆ ಅವುಗಳ ನಡುವಿನ ಅಂತರವನ್ನೂ ಬರೆದಿಡಿ, ಅಳತೆಯ ಗದ್ದಲ ಎಷ್ಟು ಅಂತ ಮಾಡೆಲ್‌ಗೆ ಹೇಳೋಕೆ ಅದೇ ಬೇಕು. ಪ್ರಿಸಂ ಕೆಳಗಿನ ದ್ರವದಲ್ಲಿ ಗುಳ್ಳೆ ಇದ್ದರೆ ರೀಡಿಂಗ್ ಕೆಡುತ್ತೆ.

ತವರದ ಬದಿ (ಗಾಜು ತಯಾರಾಗುವಾಗ ಕರಗಿದ ತವರಕ್ಕೆ ತಾಗಿದ್ದ ಮುಖ) ಯಾವುದು ಅಂತಲೂ ಗುರುತು ಹಾಕಿ. 254 ನ್ಯಾನೊಮೀಟರ್ ಯುವಿ ದೀಪವನ್ನು ಕತ್ತಲಲ್ಲಿ ಓರೆಯಾಗಿ ಹಿಡಿದರೆ ಆ ಬದಿ ಹಾಲಿನಂತೆ ಮಿನುಗುತ್ತೆ. ದಪ್ಪ "6" ಅಂತ ಬರೀಬೇಡಿ. 6 ಮಿ.ಮೀ. ಫ್ಲೋಟ್‌ಗೆ ಪ್ಲಸ್ ಮೈನಸ್ 0.2ರ ಸಡಿಲಿಕೆ ಇದೆ. ಮೈಕ್ರೋಮೀಟರ್ ಹಿಡಿದು ಬಂದದ್ದನ್ನು ಬರೆಯಿರಿ.

ಒಡೆಯೋವಾಗ: ಫಲಕ ಮೇಜಿನ ಮೇಲೆ ಸಡಿಲವಾಗಿ ಮಲಗಿರಲಿ. ಅಂಚಿಗೆ ಟೇಪ್ ಹಾಕಿದರೆ ಚೂರು ಚದುರಬಾರದು, ಆದರೆ ಗಾಜು ಹಿಗ್ಗಲು ಅಡ್ಡಿಯೂ ಆಗಬಾರದು. ಫೋಟೊ ಐದು ನಿಮಿಷದೊಳಗೆ ಆಗಿಬಿಡಲಿ. ಒಡೆದ ಮೇಲೂ ಚಟಪಟ ಅಂತ ಚೂರುಗಳು ಮತ್ತೆ ಸೀಳ್ತಾ ಇರುತ್ತವೆ. ಒಂದನ್ನು ಎರಡು ನಿಮಿಷಕ್ಕೂ ಇನ್ನೊಂದನ್ನು ಊಟ ಮುಗಿಸಿ ಬಂದೂ ತೆಗೆದರೆ ಎಣಿಕೆ ಹೊಂದಲ್ಲ. ಫೋಟೊದ ಸಮಯವನ್ನೂ ಒಂದು ಕಾಲಂ ಮಾಡಿ.

ಜಾಲಕಣ್ಣು:

ಎಣಿಕೆ ಹೇಗೆ ಮಾಡ್ತಿದ್ದೀರಿ? ಕೈಯಲ್ಲಾ, ಸೆಗ್ಮೆಂಟೇಶನ್ನಾ (ಕಂಪ್ಯೂಟರೇ ಚಿತ್ರವನ್ನು ತುಂಡುತುಂಡಾಗಿ ಗುರುತಿಸೋದು)?

ಚೂರೆಣಿಕೆ:

ಯು-ನೆಟ್ ಅನ್ನೋ ನೆಟ್‌ವರ್ಕ್ ಹಾಕಿ ಬಿರುಕಿನ ಗೆರೆ ಹಿಡಿದು, ಆಮೇಲೆ ವಾಟರ್‌ಶೆಡ್ (ಚೂರುಗಳನ್ನು ಬೇರ್ಪಡಿಸುವ ವಿಧಾನ). ಡೈಸ್ ಸ್ಕೋರ್ (ಹಿಡಿದ ಗೆರೆ ನಿಜವಾದ ಗೆರೆಗೆ ಎಷ್ಟು ತಾಳೆಯಾಯ್ತು ಅನ್ನೋ ಅಂಕ) 0.93 ಇದೆ. ಕ್ಯಾಮೆರಾ 24 ಮೆಗಾಪಿಕ್ಸೆಲ್, ಇಡೀ ಫಲಕ ಒಂದೇ ಫೋಟೊದಲ್ಲಿ.

ಬಿರುಕುಬೇರು:

ಡೈಸ್ ನೋಡಿ ಮೋಸ ಹೋಗಬೇಡಿ. ಎರಡು ಚೂರಿನ ನಡುವಿನ ಗೆರೆಯಲ್ಲಿ ಮೂರು ಪಿಕ್ಸೆಲ್ ತೂತು ಬಿದ್ದರೆ ಡೈಸ್‌ಗೆ ಏನೂ ಆಗಲ್ಲ, ಆದರೆ ಎರಡು ಚೂರು ಸೇರಿ ಒಂದಾಗಿ ಎಣಿಕೆಯಲ್ಲಿ ಒಂದು ಕಮ್ಮಿ. ಚೌಕವೊಂದರಲ್ಲಿ ಇಂಥ ಐದು ತೂತು ಇದ್ದರೆ 44 ಇದ್ದದ್ದು 39 ಆಗಿ, ಮಾನದಂಡದ ಕನಿಷ್ಠ 40ಕ್ಕಿಂತ ಇಳಿದು, ಒಳ್ಳೆ ಫಲಕ ಫೇಲ್. ಅಳೆಯಬೇಕಾದ್ದು ಎಣಿಕೆಯ ತಪ್ಪನ್ನು. ನೂರಿನ್ನೂರು ಚೌಕ ಇಬ್ಬರು ಬೇರೆ ಬೇರೆಯಾಗಿ ಕೈಯಲ್ಲಿ ಎಣಿಸಲಿ, ಅವರಿಬ್ಬರ ನಡುವಿನ ಅಂತರ ಎಷ್ಟೋ ಯಂತ್ರಕ್ಕೂ ಅಷ್ಟು ಮಾಫಿ.

24 ಮೆಗಾಪಿಕ್ಸೆಲ್ ಅಂದರೆ ಉದ್ದಕ್ಕೆ 6000. 1100 ಮಿ.ಮೀ.ಗೆ ಹಂಚಿದರೆ ಪಿಕ್ಸೆಲ್‌ಗೆ 0.18 ಮಿ.ಮೀ. ಸಣ್ಣ ಬಿರುಕು ಅದರಲ್ಲಿ ಮಾಯ. 0.1ಕ್ಕೆ ಇಳಿಸಿ: ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಎರಡು-ಮೂರು ಫೋಟೊ ತೆಗೆದು ಹೊಲಿಯಿರಿ, ಇಲ್ಲವೇ ಲೈನ್ ಸ್ಕ್ಯಾನರ್. ಆಗ 8 ಮಿ.ಮೀ. ಚೂರಿಗೆ 80 ಪಿಕ್ಸೆಲ್ ಸಿಗುತ್ತೆ.

ಬೆಳಕು: ಕೆಳಗೆ ಕಪ್ಪು ಬಟ್ಟೆ, ಬೆಳಕು ಅಂಚಿನಿಂದ ಓರೆಯಾಗಿ. ಬಿರುಕು ಬೆಳ್ಳಗೆ ಹೊಳೆಯುತ್ತೆ, ಉಳಿದದ್ದು ಕಪ್ಪು. ಮೇಲಿಂದ ನೇರ ಬೆಳಕು ಬಿಟ್ಟರೆ ಸೀಲಿಂಗ್‌ನ ಟ್ಯೂಬ್‌ಲೈಟ್ ಕೂಡ ಬಿರುಕಾಗಿ ದಾಖಲಾಗುತ್ತೆ. ಇನ್ನೊಂದು ಕಾಟ, ಬಿರುಕಿನ ಗೋಡೆ ಸರಿಯಾಗಿ ಲಂಬವಾಗಿರಲ್ಲ. ಮೇಲಿನ ಅಂಚು ಒಂದು ಕಡೆ, ಕೆಳಗಿನ ಅಂಚು ಅರ್ಧ ಮಿ.ಮೀ. ಆಚೆ. ಚಿತ್ರದಲ್ಲಿ ಜೋಡಿಗೆರೆ ಬರುತ್ತೆ, ವಾಟರ್‌ಶೆಡ್ ನಡುವಿನ ತೆಳು ಸೀಳನ್ನೂ ಒಂದು ಚೂರು ಅಂತ ಎಣಿಸುತ್ತೆ. ಎರಡು ಚದರ ಮಿ.ಮೀ.ಗಿಂತ ಸಣ್ಣದನ್ನು, ಉದ್ದ ಅಗಲಕ್ಕಿಂತ ಹತ್ತು ಪಟ್ಟು ಇರುವುದನ್ನು ಪಕ್ಕಕ್ಕಿಟ್ಟು ಕಣ್ಣಲ್ಲಿ ನೋಡಿ. ಪೂರ್ತಿ ಅಳಿಸಬೇಡಿ. ನಿಜವಾದ ಉದ್ದ ಸೀಳುಚೂರು ಕೂಡ ಇರಬಹುದು, 100 ಮಿ.ಮೀ. ದಾಟಿದ ಒಂದೇ ಒಂದು ಸೀಳು ಸಾಕು ಫಲಕ ಫೇಲ್ ಆಗೋಕೆ.

ಚೌಕದ ಗೆರೆ ಮೇಲೆ ಕೂತ ಚೂರು ಅರ್ಧ ಅಂತ ಲೆಕ್ಕ. ನಿಮ್ಮ ಕೋಡ್ ಅದನ್ನು ಪೂರ್ತಿ ಒಂದು ಅಂತ ಎಣಿಸ್ತಿದ್ದರೆ ಎಲ್ಲ ಸಂಖ್ಯೆಯೂ ಉಬ್ಬಿರುತ್ತೆ.

ಆಗ್ಮೆಂಟೇಶನ್‌ನಲ್ಲಿ (ಇರುವ ಚಿತ್ರಗಳನ್ನೇ ಬದಲಿಸಿ ಡೇಟಾ ಹೆಚ್ಚಿಸುವಾಗ) ತಿರುಗಿಸಿ, ಮಗುಚಿ, ಬೆಳಕು ಏರಿಳಿಸಿ, ಪರವಾಗಿಲ್ಲ. ಜೂಮ್ ಮಾತ್ರ ಬೇಡ. ಬೆಕ್ಕು ನಾಯಿ ಚಿತ್ರಕ್ಕೆ ಜೂಮ್ ಮಾಡಿದರೂ ಬೆಕ್ಕು ಬೆಕ್ಕೇ. ಇಲ್ಲಿ 1.2 ಪಟ್ಟು ಹಿಗ್ಗಿಸಿದರೆ 60 ಚೂರಿನ ಚೌಕದಲ್ಲಿ 42 ಉಳಿಯುತ್ತೆ, ಲೇಬಲ್ ಇನ್ನೂ 60 ಅಂತಲೇ ಇರುತ್ತೆ.

ಸಾಲುಅಂಕಿ:

ಎಲ್ಲರೂ ಸರಾಸರಿ ಚೂರಿನ ಬಗ್ಗೆ ಮಾತಾಡ್ತಿದ್ದೀರಿ. ಮಾನದಂಡ ಕೇಳೋದು ಸರಾಸರಿ ಅಲ್ಲವೇ ಅಲ್ಲ. ಚೂರು ಅತಿ ದೊಡ್ಡದಾಗಿರುವ ಜಾಗದಲ್ಲಿ ಚೌಕ ಇಟ್ಟು ಎಣಿಸಬೇಕು. 4ರಿಂದ 12 ಮಿ.ಮೀ. ಗಾಜಿಗೆ ಅಲ್ಲಿ ಕನಿಷ್ಠ 40, 15ರಿಂದ 19 ಮಿ.ಮೀ.ಗೆ 30.

ಇದು ಚಿಕ್ಕ ವ್ಯತ್ಯಾಸ ಅಲ್ಲ. ಫಲಕದ ಸರಾಸರಿ 60, ಚೌಕದಿಂದ ಚೌಕಕ್ಕೆ ಏರಿಳಿತ (ಸ್ಟ್ಯಾಂಡರ್ಡ್ ಡೀವಿಯೇಷನ್) 8 ಅಂದುಕೊಳ್ಳಿ. ನೂರು ಚೌಕದಲ್ಲಿ ಅತಿ ಕಡಿಮೆಯದು ಸುಮಾರಾಗಿ ಸರಾಸರಿಗಿಂತ ಎರಡೂವರೆ ಪಟ್ಟು ಏರಿಳಿತದಷ್ಟು ಕೆಳಗಿರುತ್ತೆ, ಅಂದರೆ 40. ಸರಾಸರಿ ಅರವತ್ತು ಇದ್ದ ಫಲಕ ಗೆರೆ ಮೇಲೆ ನಿಂತಿದೆ! ಏರಿಳಿತ 10 ಆದರೆ 35, ಫೇಲ್. ಸರಾಸರಿಯನ್ನು ಕರಾರುವಾಕ್ಕಾಗಿ ಹೇಳುವ ಮಾಡೆಲ್ ಇಲ್ಲಿ ಉಪಯೋಗಕ್ಕೆ ಬರಲ್ಲ. ಚೌಕವನ್ನು 5 ಮಿ.ಮೀ. ಹೆಜ್ಜೆಯಲ್ಲಿ ಜಾರಿಸುತ್ತಾ ಫಲಕದ ಕನಿಷ್ಠ ಹುಡುಕಿ, ಅದನ್ನೇ ಟಾರ್ಗೆಟ್ ಮಾಡಿ.

ಸಂಖ್ಯಾಶಾಸ್ತ್ರದ ಹಂಚಿಕೆಯ (ಡಿಸ್ಟ್ರಿಬ್ಯೂಷನ್) ಆಯ್ಕೆಯಲ್ಲೂ ಒಂದು ಬಲೆ ಇದೆ. ಎಣಿಕೆ ಅಂದ ಕೂಡಲೇ ಕೈ ಪ್ವಾಸಾನ್ ಹಂಚಿಕೆಯ (ಒಂದಕ್ಕೊಂದು ಸಂಬಂಧವಿಲ್ಲದೆ ಬಿದ್ದವು ಅನ್ನೋ ಲೆಕ್ಕ) ಕಡೆ ಹೋಗುತ್ತೆ. ಒಂದೇ ಫಲಕದೊಳಗೆ ಚೂರುಗಳು ಪ್ವಾಸಾನ್‌ಗಿಂತ ಶಿಸ್ತಾಗಿ ಕೂತಿರುತ್ತವೆ. ಒಂದು ಚೂರು ಜಾಗ ಹಿಡಿದ ಮೇಲೆ ಇನ್ನೊಂದು ಅಲ್ಲಿ ಬರೋಕಾಗಲ್ಲವಲ್ಲ. ಆದರೆ ಫಲಕದಿಂದ ಫಲಕಕ್ಕೆ, ಬ್ಯಾಚ್‌ನಿಂದ ಬ್ಯಾಚ್‌ಗೆ ಏರಿಳಿತ ಪ್ವಾಸಾನ್‌ಗಿಂತ ಜಾಸ್ತಿ. ಒಳಗೆ ಕಮ್ಮಿ, ಹೊರಗೆ ಜಾಸ್ತಿ. ಎರಡು ಮಟ್ಟದ ಮಾಡೆಲ್ ಹಾಕಿ: ಬ್ಯಾಚ್‌ಗೆ ಒಂದು ಯಾದೃಚ್ಛಿಕ ಪದ, ಫಲಕಕ್ಕೆ ಒಂದು.

ಒಂದು ಸಂಖ್ಯೆ ಬೇಡ, ಕೆಳಗಿನ ಮಿತಿ ಕೊಡಿ. ಕನ್ಫಾರ್ಮಲ್ ವಿಧಾನ ಸುಲಭ: ಟ್ರೇನ್‌ಗೆ ಬಳಸದ ಫಲಕಗಳ ಮೇಲೆ ತಪ್ಪು ಎಷ್ಟು ಅಂತ ನೋಡಿ ಆ ಅಂತರವನ್ನು ಕಳೆಯೋದು. 95 ಶೇಕಡಾ ಭರವಸೆಗೆ ಕನಿಷ್ಠ 19 ಫಲಕ ಬೇಕು, ಅದಕ್ಕಿಂತ ಕಮ್ಮಿ ಇದ್ದರೆ ಗಣಿತವೇ ಒಪ್ಪಲ್ಲ. ಆ ಫಲಕಗಳು ಹೊಸ ಬ್ಯಾಚ್‌ನವಾಗಿರಲಿ.

ಚೂರೆಣಿಕೆ:

ಕನಿಷ್ಠದ ವಿಷಯ ತಲೆಗೇ ಹೊಳೆದಿರಲಿಲ್ಲ. ಗುಂಡಿನ ಟೆಸ್ಟ್ ಡೇಟಾ ಏನು ಮಾಡಲಿ? ಒಡೆಯದ ಫಲಕಕ್ಕೇ ಎತ್ತರ ಹೆಚ್ಚಿಸ್ತಾ ಮತ್ತೆ ಮತ್ತೆ ಬೀಳಿಸಿದ್ದಾರೆ.

ಬಿರುಕುಬೇರು:

ಅಲ್ಲೇ ಎಡವಿದ್ದು. ಒಡೆಯದಿದ್ದರೂ ಗುಂಡು ತಾಗಿದ ಕಡೆ ಕೋನಾಕಾರದ ಸಣ್ಣ ಬಿರುಕು ಉಳಿದಿರಬಹುದು. ಮೂರನೇ ಪೆಟ್ಟಿಗೆ ಒಡೆದರೆ ಅದು ಆ ಎತ್ತರದ ಫಲಿತಾಂಶ ಅಲ್ಲ, ಮೂರು ಪೆಟ್ಟಿನ ಮೊತ್ತ. ಪ್ರತಿ ಫಲಕದ ಮೊದಲ ಪೆಟ್ಟನ್ನು ಮಾತ್ರ ಉಳಿಸಿಕೊಂಡು ಬಾಕಿಯದನ್ನು ಬೇರೆ ಫೈಲ್‌ಗೆ ಹಾಕಿ.

ಮುಂದಿನ ಸಲ ಏರು-ಇಳಿ ವಿಧಾನ ಅನುಸರಿಸಿ, ಡಿಕ್ಸನ್ ಮತ್ತು ಮೂಡ್ 1948ರಲ್ಲಿ ಕೊಟ್ಟದ್ದು. ಪ್ರತಿ ಸಲವೂ ಹೊಸ ಫಲಕ. ಒಡೆದರೆ ಮುಂದಿನದಕ್ಕೆ ಒಂದು ಮೆಟ್ಟಿಲು ಕೆಳಗೆ, ಒಡೆಯದಿದ್ದರೆ ಒಂದು ಮೆಟ್ಟಿಲು ಮೇಲೆ. ಮೆಟ್ಟಿಲಿನ ಎತ್ತರ ಹೆಚ್ಚುಕಡಿಮೆ ನಿರೀಕ್ಷಿತ ಏರಿಳಿತದಷ್ಟಿರಲಿ, ಎತ್ತರದ ಲಾಗ್ ಮೇಲೆ ಲೆಕ್ಕ ಹಾಕಿದರೆ ಒಳ್ಳೆಯದು.

ಎತ್ತರ ಅನ್ನೋದೇ ಟಾರ್ಗೆಟ್ ಆಗಬಾರದು. 2 ಮೀಟರಿನಿಂದ ಒಡೆಯಿತು ಅಂದರೆ ಅದರ ಬಲ 2 ಮೀಟರ್ ಅಂತಲ್ಲ, 2 ಅಥವಾ ಅದಕ್ಕಿಂತ ಕಡಿಮೆ. ಒಡೆಯಲಿಲ್ಲ ಅಂದರೆ 2ಕ್ಕಿಂತ ಹೆಚ್ಚು. ಎರಡೂ ಅರ್ಧ ಸುದ್ದಿ. ಹಾಗಾಗಿ ಒಡೆಯುವ ಸಂಭವನೀಯತೆಯನ್ನೇ ಕಲಿಸಿ, ಲಾಜಿಸ್ಟಿಕ್ ಅಥವಾ ವೈಬುಲ್ (ಅತಿ ಕೆಟ್ಟ ಗೀರೇ ಒಡೆತ ತೀರ್ಮಾನಿಸುತ್ತೆ ಅನ್ನೋ ಲೆಕ್ಕ) ರೂಪದಲ್ಲಿ. ಅಂಕ ಹಾಕೋಕೆ ಬ್ರಯರ್ ಸ್ಕೋರ್ (ಹೇಳಿದ ಸಂಭವನೀಯತೆಗೂ ನಡೆದದ್ದಕ್ಕೂ ಇರುವ ಅಂತರದ ವರ್ಗದ ಸರಾಸರಿ). 70 ಶೇಕಡಾ ಅಂದ ಕಡೆ ನಿಜವಾಗಿ ಹತ್ತರಲ್ಲಿ ಏಳು ಒಡೆದಿವೆಯಾ ಅಂತ ನೋಡಿ.

ಬೇರೆ ಬೇರೆ ಪೆಟ್ಟಿನ ಡೇಟಾ ಕಲಸೋ ಮುಂಚೆ: 227 ಗ್ರಾಂ ಗುಂಡು 2 ಮೀಟರಿನಿಂದ ತರುವುದು 4.5 ಜೌಲ್. ಇಎನ್ 12600ರ ಎರಡು ಟೈರಿನ 50 ಕಿಲೊ ಲೋಲಕ 1200 ಮಿ.ಮೀ.ನಿಂದ ತರುವುದು 589 ಜೌಲ್. ಶಕ್ತಿಯೊಂದನ್ನೇ ಕಾಲಂ ಮಾಡಿದರೆ ನೂರ ಮೂವತ್ತು ಪಟ್ಟು ಅಂತರ, ಆದರೂ ಸಣ್ಣ ಗುಂಡು ಒಡೆಯುವ ಗಾಜನ್ನು ಟೈರ್ ಒಡೆಯದೇ ಬಿಡಬಹುದು. ಸುಮಾರು 38 ಮಿ.ಮೀ. ವ್ಯಾಸದ ಉಕ್ಕು ತಾಗುವ ಜಾಗ ಚುಕ್ಕಿಯಷ್ಟು, ಸಮಯ ಮಿಲಿಸೆಕೆಂಡಿನೊಳಗೆ. ಟೈರ್ ತಾಗುವುದು ಅಂಗೈ ಅಗಲಕ್ಕಿಂತ ಹೆಚ್ಚು, ಹತ್ತಾರು ಮಿಲಿಸೆಕೆಂಡ್. ಹೊರೆ ಹತ್ತು ಪಟ್ಟು ಹೊತ್ತು ನಿಂತರೆ ತೇವಾಂಶದ ಕೊರೆತದಿಂದ ಗಾಜಿನ ಸ್ವಂತ ಬಲ ಸುಮಾರು 13 ಶೇಕಡಾ ಇಳಿಯುತ್ತೆ (ಘಾತ 16 ಹಿಡಿದರೆ). ಟಫನ್ಡ್‌ನಲ್ಲಿ ಈ ಕೊರೆತ ಶುರುವಾಗೋದು ಮೇಲ್ಮೈ ಕಂಪ್ರೆಷನ್ ಪೂರ್ತಿ ಕರಗಿದ ಮೇಲೆ ಮಾತ್ರ, ಹಾಗಾಗಿ ಬಲ ಅಂದರೆ ಕಂಪ್ರೆಷನ್ ಮತ್ತು ಗೀರಿನ ಬಲದ ಮೊತ್ತ.

ಗೀರುಗಳ ಲಾಟರಿಗೆ ವಿಸ್ತೀರ್ಣವೂ ಸೇರುತ್ತೆ. ವೈಬುಲ್ ಘಾತ 7 ಎಂದುಕೊಂಡರೆ ಎಳೆತಕ್ಕೆ ಸಿಕ್ಕ ಜಾಗ ನಾಲ್ಕು ಪಟ್ಟಾದಾಗ ಆ ಬಲ 18 ಶೇಕಡಾ ಇಳಿಯುತ್ತೆ. ಸಣ್ಣ ತುಂಡಿನ ಮೇಲೆ ಕಲಿತದ್ದನ್ನು ಬಾಗಿಲಿಗೆ ಹೇಳಿದರೆ ತಪ್ಪುವುದು ಹೀಗೆ.

ಜಾಲಕಣ್ಣು:

ಡೇಟಾ ಸಾಲದಿದ್ದರೆ ಸಿಮ್ಯುಲೇಷನ್‌ನಿಂದ ಹತ್ತು ಸಾವಿರ ತಯಾರಿಸೋಣ ಅಂತ ಯಾರಾದರೂ ಹೇಳೋ ಮುಂಚೆ ನಾನೇ ಹೇಳಿಬಿಡ್ತೀನಿ. ಬಿರುಕಿಗೆ ಮುಂಚಿನ ಸಿಮ್ಯುಲೇಷನ್ ನಂಬಿ. ಫಲಕ ಎಷ್ಟು ಬಾಗಿತು, ಎಲ್ಲಿ ಎಷ್ಟು ಎಳೆತ, ಎಷ್ಟು ಹೊತ್ತು, ಇದೆಲ್ಲ ಸರಿಯಾಗಿ ಬರುತ್ತೆ. ಚೌಕಟ್ಟಿನ ರಬ್ಬರ್ ಎಷ್ಟು ಗಡಸು ಅಂತ ಸರಿಯಾಗಿ ಕೊಟ್ಟಿರಬೇಕು ಅಷ್ಟೇ, ಹೆಚ್ಚಿನವರು ತಪ್ಪೋದೂ ಅಲ್ಲೇ. ಬಿರುಕು ಶುರುವಾದ ಮೇಲಿನದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ಎಲಿಮೆಂಟ್ (ಲೆಕ್ಕಕ್ಕಾಗಿ ಗಾಜನ್ನು ಜಾಲವಾಗಿ ಕತ್ತರಿಸಿದ ತುಂಡು) ಅಳಿಸುವ ವಿಧಾನದಲ್ಲಿ ಬಿರುಕು ಜಾಲದ ಗೆರೆ ಹಿಡಿದೇ ಓಡುತ್ತೆ. ಜಾಲ ಚೌಕವಾಗಿದ್ದರೆ ಬಿರುಕೂ ಚೌಕ, ಜಾಲ 5 ಮಿ.ಮೀ. ಇದ್ದರೆ ಚೂರು 5ಕ್ಕಿಂತ ಸಣ್ಣದಾಗೋಕೆ ಸಾಧ್ಯವೇ ಇಲ್ಲ. ಅಳಿಸಿದ ಎಲಿಮೆಂಟ್‌ನ ತೂಕವೂ ಹೋಯ್ತು. ಅಂಥ ಹತ್ತು ಸಾವಿರ ಚಿತ್ರ ಕೊಟ್ಟರೆ ನೆಟ್‌ವರ್ಕ್ ಕಲಿಯೋದು ಗಾಜನ್ನಲ್ಲ, ನಿಮ್ಮ ಜಾಲವನ್ನು. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಕೊಹೆಸಿವ್, ಫೇಸ್-ಫೀಲ್ಡ್, ಪೆರಿಡೈನಾಮಿಕ್ಸ್ ಅನ್ನೋ ಬೇರೆ ಸಿಮ್ಯುಲೇಷನ್ ವಿಧಾನಗಳು ವಾಸಿ, ಆದರೆ ಒಂದೊಂದು ರನ್‌ಗೆ ಹಿಡಿಯೋ ಹೊತ್ತು ನೋಡಿದರೆ ಹತ್ತು ಸಾವಿರದ ಆಸೆ ಬಿಡಬೇಕು.

ನಡೆಯುವ ದಾರಿ: ಎಲಾಸ್ಟಿಕ್ ಸಿಮ್ಯುಲೇಷನ್‌ನಿಂದ ಸ್ಟ್ರೆಸ್ ನಕ್ಷೆ ಮತ್ತು ಸಮಯ ತೆಗೆಯಿರಿ. ಅದರ ಮೇಲೆ ವೈಬುಲ್ ಕೂರಿಸಿ ಒಡೆಯುವ ಸಂಭವನೀಯತೆ ಪಡೆಯಿರಿ. ನಿಜವಾದ ಟೆಸ್ಟ್ ಮತ್ತು ಇದರ ನಡುವಿನ ವ್ಯತ್ಯಾಸವನ್ನು ಮಾತ್ರ ಒಂದು ಸಣ್ಣ ಗಾಸಿಯನ್ ಪ್ರೋಸೆಸ್‌ಗೆ (ಕಮ್ಮಿ ಡೇಟಾಗೆ ಹೊಂದುವ ಮಾಡೆಲ್) ಕಲಿಸಿ. ನೂರಿನ್ನೂರು ಫಲಕಕ್ಕೆ ಅದೇ ಸರಿಯಾದ ಅಳತೆಯ ಅಂಗಿ.

ಪದರಗಾಜು:

ಲ್ಯಾಮಿನೇಟೆಡ್ ಗಾಜು (ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು) ಮಾಡುವವರೂ ಓದ್ತಿದ್ದರೆ ಎರಡು ಮಾತು. ಅಲ್ಲಿ ಚೂರು ಎಣಿಸೋದರಲ್ಲಿ ಅರ್ಥ ಇಲ್ಲ, ಕೇಳಬೇಕಾದ್ದು ಒಳಪದರ ಹರಿಯಿತಾ, ಗುಂಡು ಆಚೆ ಬಂತಾ, ಪೆಟ್ಟಿನ ಹಿಂಬದಿಯಿಂದ ಎಷ್ಟು ಗ್ರಾಂ ಚೂರು ಉದುರಿತು ಅಂತ. ಇಎನ್ 356ರಲ್ಲಿ 4.11 ಕಿಲೊ ಗುಂಡು, ಪಿ1ಎ ದರ್ಜೆಗೆ 1.5 ಮೀಟರ್, ಪಿ4ಎಗೆ 9 ಮೀಟರ್, 130 ಮಿ.ಮೀ. ತ್ರಿಕೋನದಲ್ಲಿ ಮೂರು ಪೆಟ್ಟು. ಮೂರನೇ ಪೆಟ್ಟಿನ ಹೊತ್ತಿಗೆ ಗಾಜಾಗಲೇ ಜೇಡರಬಲೆ. ಅದನ್ನು ಹೊಸ ಗಾಜಿನಂತೆ ಮಾಡೆಲ್‌ಗೆ ಕೊಡಬೇಡಿ, ಪೆಟ್ಟಿನ ಸರಣಿ ಸಂಖ್ಯೆಯೂ ಕಾಲಂ ಆಗಬೇಕು.

ತಾಪಮಾನ ಇಲ್ಲದ ಲ್ಯಾಮಿನೇಟೆಡ್ ಡೇಟಾ ಕಸ. ಪಿವಿಬಿ (ನಡುವಿನ ಪ್ಲಾಸ್ಟಿಕ್ ಪದರ) ಮೆತ್ತಗಾಗುವ ತಾಪಮಾನ ಕೋಣೆಯ ತಾಪಮಾನದ ಹತ್ತಿರವೇ ಇರೋದರಿಂದ ಹತ್ತು ಡಿಗ್ರಿ ಆಚೀಚೆ ಆದರೂ ಅದು ಬೇರೆ ವಸ್ತು. ವಾಹನದ ಗಾಜಿಗಿರುವ ಯುಎನ್‌ಇಸಿಇ (ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ) ನಿಯಮ 43ರಲ್ಲಿ ವಿಂಡ್‌ಸ್ಕ್ರೀನ್‌ನ 227 ಗ್ರಾಂ ಗುಂಡಿನ ಟೆಸ್ಟನ್ನು ಪ್ಲಸ್ 40ರಲ್ಲೂ ಮೈನಸ್ 20ರಲ್ಲೂ ಮಾಡಿಸೋದು ಸುಮ್ಮನೆ ಅಲ್ಲ. ಅಂಟಿನ ಬಲವೂ ಹಾಗೇ: ಕಮ್ಮಿ ಅಂಟಿದರೆ ಚೂರು ಉದುರುತ್ತೆ, ಜಾಸ್ತಿ ಅಂಟಿದರೆ ಪದರಕ್ಕೆ ಹಿಗ್ಗೋಕೆ ಜಾಗವಿಲ್ಲದೆ ಬಿರುಕಿನ ಬಾಯಲ್ಲೇ ಹರಿಯುತ್ತೆ. ನಡುವೆ ಎಲ್ಲೋ ಒಳ್ಳೆಯ ಜಾಗ. ಮೇಲೆ ಹೋದಷ್ಟೂ ಒಳ್ಳೆಯದು ಅಂತ ಮೊನೊಟೋನಿಕ್ ನಿರ್ಬಂಧ ಹಾಕಿದರೆ ಮಾಡೆಲ್ ಸುಳ್ಳು ಕಲಿಯುತ್ತೆ.

ಬಿರುಕಿನ ಚಿತ್ರ ಓದುವಾಗ ಕಿರಣದಂತೆ ಹರಡಿದವು ಮೊದಲು, ಪೆಟ್ಟಿನ ಎದುರು ಬದಿಯಲ್ಲಿ ಹುಟ್ಟಿದವು. ಬಳೆಯಂತೆ ಸುತ್ತಿದವು ಆಮೇಲೆ, ಪೆಟ್ಟಿನ ಬದಿಯಲ್ಲಿ. ಎರಡಕ್ಕೂ ಬೇರೆ ಲೇಬಲ್ ಕೊಡಿ.

ಚೂರೆಣಿಕೆ:

ಕೊನೆಗೆ ಎರಡು. ಡಿಫ್ಯೂಷನ್ ಮಾಡೆಲ್‌ನಿಂದ ಒಡೆದ ಗಾಜಿನ ಚಿತ್ರವನ್ನೇ ಬರೆಸೋದು ಹೇಗಿರುತ್ತೆ? ಬಿರುಕು ಓಡೋದನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಹಿಡಿದರೆ ಮಾಡೆಲ್‌ಗೆ ಲಾಭವಾ?

ಬಿರುಕುಬೇರು:

ಚಿತ್ರ ಚೆನ್ನಾಗಿ ಬರುತ್ತೆ, ಕಣ್ಣಿಗೆ ಒಪ್ಪುತ್ತೆ, ಅಷ್ಟೇ. ಅದರಲ್ಲಿ ಬಿರುಕುಗಳು ಗಾಳಿಯಲ್ಲಿ ನಿಂತುಹೋಗಿರುತ್ತವೆ, ಚೂರು ಮುಚ್ಚಿಕೊಂಡಿರಲ್ಲ. ಇದಕ್ಕಿಂತ ವೊರೊನಾಯ್ ದಾರಿ ಗಟ್ಟಿ. ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಗಾಜಿನ ಗುಂಪು ಮಾಡಿದ್ದೂ ಇದೇ ಜಾಡಿನಲ್ಲಿ: ಒಳಗಿನ ಶಕ್ತಿಯಿಂದ ಚುಕ್ಕಿಗಳ ಸಾಂದ್ರತೆ, ಚುಕ್ಕಿಗಳ ನಡುವೆ ಕನಿಷ್ಠ ಅಂತರ, ಆ ಚುಕ್ಕಿಗಳ ಸುತ್ತ ವೊರೊನಾಯ್ ಕೋಶ (ಬೇರೆಲ್ಲ ಚುಕ್ಕಿಗಿಂತ ಆ ಚುಕ್ಕಿಗೇ ಹತ್ತಿರವಾದ ಜಾಗ). ಹೋಲಿಕೆ ಮಾಡುವಾಗ ಚಿತ್ರಕ್ಕೆ ಚಿತ್ರ ತಾಳೆ ನೋಡಬೇಡಿ. ಒಂದೇ ಬ್ಯಾಚ್‌ನ ಎರಡು ನಿಜ ಫಲಕಗಳೂ ಗೆರೆಗೆ ಗೆರೆ ಹೊಂದಲ್ಲ. ಚೂರಿನ ವಿಸ್ತೀರ್ಣದ ಹಂಚಿಕೆ, ಬದಿಗಳ ಸಂಖ್ಯೆ, ಅತಿ ಉದ್ದದ ಚೂರು, ಕನಿಷ್ಠ ಚೌಕ, ಈ ನಾಲ್ಕು ಹೊಂದಿದರೆ ಸಾಕು.

ಹಾಗೆಯೇ ತಾನಾಗಿ ಒಡೆದ ಫಲಕದ ಫೋಟೊ ಡೇಟಾಗೆ ಸೇರದಂತೆ ನೋಡಿಕೊಳ್ಳಿ. ಇಂಥ ಒಡೆತಕ್ಕೆ ಕಾರಣವಾಗುವ ನಿಕಲ್ ಸಲ್ಫೈಡ್ ಕಣ ಗಾಜಿನಲ್ಲಿದ್ದರೆ ಮೂಲದಲ್ಲಿ ಚಿಟ್ಟೆಯ ರೆಕ್ಕೆಯಂತೆ ಎರಡು ದೊಡ್ಡ ಚೂರು ಬೆನ್ನಿಗೆ ಬೆನ್ನು ತಾಗಿಸಿ ಕೂತಿರುತ್ತವೆ. ಪೆಟ್ಟಿನ ಡೇಟಾದಲ್ಲಿ ಅದು ಬೆರೆತರೆ ಕನಿಷ್ಠ ಚೌಕ ಅನ್ಯಾಯವಾಗಿ ಕೆಳಗೆ ಬೀಳುತ್ತೆ.

ಜಾಲಕಣ್ಣು:

ಕ್ಯಾಮೆರಾ ಬಗ್ಗೆ: ಸೋಡಾ-ಲೈಮ್ ಗಾಜಿನಲ್ಲಿ ಬಿರುಕು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತೆ. ಸೆಕೆಂಡಿಗೆ ಒಂದು ಲಕ್ಷ ಫ್ರೇಮ್ ತೆಗೆದರೂ ಫ್ರೇಮಿನಿಂದ ಫ್ರೇಮಿಗೆ 15 ಮಿ.ಮೀ., ಅಂದರೆ ಎರಡು ಚೂರು ದಾಟಿರುತ್ತೆ. ಅಷ್ಟು ವೇಗದಲ್ಲಿ ಚಿತ್ರದ ಅಳತೆಯೂ ಅಂಚೆಚೀಟಿಯಷ್ಟಾಗುತ್ತೆ. ಚೂರಿನ ಸಂಖ್ಯೆಗೆ ಅದು ಬೇಡ. ಲ್ಯಾಮಿನೇಟೆಡ್‌ನಲ್ಲಿ ಗಾಜು ಯಾವ ಮಿಲಿಸೆಕೆಂಡಿನಲ್ಲಿ ಒಡೆಯಿತು ಅನ್ನೋದು ವಿಂಡ್‌ಸ್ಕ್ರೀನ್‌ಗೆ ಬಡಿಯುವ ತಲೆಯ ಮೇಲೆ ಬೀಳುವ ಹೊರೆಯನ್ನೇ ಬದಲಿಸುತ್ತೆ, ಅಲ್ಲಿ ಮಾತ್ರ ಉಪಯೋಗ. ಆ ದುಡ್ಡಿಗೆ ಸ್ಕಾಲ್ಪ್ ತಗೊಳ್ಳಿ.

ಚೂರೆಣಿಕೆ:

ಸರಿ. ಐದನೇ ಬ್ಯಾಚ್‌ನಲ್ಲಿ ಒಡೆಯದ 22 ಫಲಕ ಉಳಿದಿವೆ. ಒಂಬತ್ತು ಜಾಗದ ಸ್ಟ್ರೆಸ್ ಅಳೆದು, ಲಾಗ್-ಲಾಗ್ ಗೆರೆಯ ಇಳಿಜಾರು ಇಲ್ಲೇ ಹಾಕ್ತೀನಿ.

ಸಾಲುಅಂಕಿ:

ಒಡೆಯೋ ಮುಂಚೆಯೇ ಮಾಡೆಲ್ ಹೇಳಿದ ಕನಿಷ್ಠ ಚೌಕದ ಸಂಖ್ಯೆಯನ್ನು ಇಲ್ಲಿ ಹಾಕಿ. ಆಮೇಲೆ ಒಡೆಯಿರಿ.